ಖಾಲಿ ಬಿಟ್ಟ ಮನೆ: ಕಲ್ಲಿನ ಅಕ್ಷರ ಫಾಂಟ್ ಆಗುವಾಗ

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ನನ್ನ ಫೋನಿಗೆ ಒಂದು ಫೋಟೊ ಬಂತು. ಕನಕಪುರದ ಕಡೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ನಿಂತ ವೀರಗಲ್ಲು. ಕಳಿಸಿದವಳು ಎಂ.ಎ. ಓದುತ್ತಿರುವ ಹುಡುಗಿ, ಅದು ಅವಳ ಅಜ್ಜಿಯ ಊರು. ಮೂರನೆಯ ಸಾಲಿನ ಒಂದು ಅಕ್ಷರಕ್ಕೆ ಕೆಂಪು ಸುತ್ತು ಹಾಕಿ, "ಅಕ್ಕಾ, ನಿಮ್ಮ ಚಾರ್ಟ್ ಇಟ್ಕೊಂಡು ಓದ್ದೆ. ಇದು ಹಳೇ ಳ ತಾನೆ? ಫೋನಲ್ಲಿ ಆ ಅಕ್ಷರ ಸಿಗ್ಲಿಲ್ಲ" ಎಂದು ಬರೆದಿದ್ದಳು.

ಹಳೇ ಳ ಎಂದರೆ ೞ. ಹಳಗನ್ನಡ ಓದಿದವರಿಗೆ ಇದು ಗೊತ್ತು. ಮೞೆ, ಏೞು, ಕೋೞಿ ಎಂದು ಒಂದು ಕಾಲಕ್ಕೆ ಬರೆಯುತ್ತಿದ್ದ ಮಾತುಗಳು ಈಗ ಮಳೆ, ಏಳು, ಕೋಳಿ ಆಗಿವೆ. ತಮಿಳು, ಮಲಯಾಳಗಳಲ್ಲಿ ಆ ಅಕ್ಷರ ಇನ್ನೂ ಬದುಕಿದೆ, ನಮ್ಮಲ್ಲಿ ಇಲ್ಲ. ಅದರ ಜೊತೆಗೆ ಎಷ್ಟೋ ವ್ಯತ್ಯಾಸಗಳೂ ಹೋದವು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆಳ್ ಎಂದರೆ ಆಳುವುದು, ಆೞ್ ಎಂದರೆ ಮುಳುಗುವುದು. ಈಗ ನಾವು ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದು, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಅರ್ಧ ಸಾಲು ಚಕ್ಕೆ ಎದ್ದುಹೋದ ಕಲ್ಲಿನ ಮೇಲೆ ಸಂದರ್ಭ ಅನ್ನುವುದು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಅವಳ ಕಲ್ಲಿನಲ್ಲಿ ಇದ್ದದ್ದು 'ಆ', ಆಮೇಲೆ ಆ ಸುತ್ತು ಹಾಕಿದ ಅಕ್ಷರ, ಆಮೇಲೆ ಅಂಚು ಒಡೆದ 'ದ'. ನನ್ನ ಚಾರ್ಟಿನಲ್ಲಿದ್ದ ೞ ಜೊತೆ ಅವಳು ಹೋಲಿಸಿ ನೋಡಿದ್ದಳು. ಸರಿಯಾಗಿ ಹೊಂದಿತ್ತು. ಹಾಗಾಗಿ 'ಆೞ್ದ' ಎಂದು ಓದಿದ್ದಳು: ಮುಳುಗಿದವನು. ಕಲ್ಲು ಇರುವುದು ಕೆರೆ ಏರಿಯ ಮೇಲೆ. ಅಂದಮೇಲೆ ಈ ವೀರ ಊರಿನ ಕೆರೆಗಾಗಿ ನೀರಿನಲ್ಲಿ ಪ್ರಾಣ ಬಿಟ್ಟವನು. ಇಷ್ಟನ್ನು ಕಾಲೇಜಿನ ಒಂದು ಸೆಮಿನಾರಿನಲ್ಲಿ ಹೇಳಿ ಮೆಚ್ಚುಗೆ ಪಡೆದು, ಅಜ್ಜಿಯ ಊರಿಗೆ ಹೋಗಿ ಅಲ್ಲಿಯೂ ಹೇಳಿಬಂದ ಮೇಲೆ ನನಗೆ ಫೋಟೊ ಕಳಿಸಿದ್ದಳು.

ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅದು ೞ ಅಲ್ಲ, ಸಾಮಾನ್ಯ ಳ. ಪದ 'ಆಳ್ದ', ಆಳಿದವನು. ಯಾರೋ ಊರನ್ನು ಆಳುತ್ತಿದ್ದವನ ಕಾಲದಲ್ಲಿ ಯಾರೋ ಹೋರಾಡಿ ಸತ್ತಿದ್ದಾನೆ. ನೂರಾರು ವೀರಗಲ್ಲುಗಳು ಹೇಳುವ ಮಾತೇ ಇಲ್ಲಿಯೂ ಇದೆ. ತಪ್ಪು ಓದಿದ್ದು ಅವಳು, ಆದರೆ ತಪ್ಪು ಅವಳದಲ್ಲ. ನನ್ನ ಚಾರ್ಟಿನಲ್ಲಿ ೞ ಎಂದು ಬರೆದ ಮನೆಯಲ್ಲಿ ನಾನು ಕೂರಿಸಿದ್ದ ಅಕ್ಷರವೇ ತಪ್ಪಾಗಿತ್ತು.

*

ಆ ಚಾರ್ಟ್ ಹುಟ್ಟಿದ್ದು ಹೀಗೆ. ನನ್ನ ಪಿಎಚ್.ಡಿ. ವಿಷಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಸನಗಳ ಲಿಪಿ. ಗಂಗರ ಕಾಲದ ಕನ್ನಡ ಕಲ್ಲುಗಳು, ಸುಮಾರು 1004ರಲ್ಲಿ ತಲಕಾಡು ಚೋಳರ ಕೈಗೆ ಹೋದಮೇಲೆ ಬಂದ ತಮಿಳು ಕಲ್ಲುಗಳು, ವಿಷ್ಣುವರ್ಧನ ಅದನ್ನು ಗೆದ್ದುಕೊಂಡ ಮೇಲಿನ ಹೊಯ್ಸಳ ಕಲ್ಲುಗಳು, ಎಲ್ಲವೂ ಈ ಸೀಮೆಯಲ್ಲಿ ಸಿಗುತ್ತವೆ. ಚನ್ನಪಟ್ಟಣದ ಪಕ್ಕದ ಮಳೂರುಪಟ್ಟಣದಲ್ಲಿ ಚೋಳರ ಕಾಲದ ತಮಿಳು ಶಾಸನಗಳನ್ನು ನೋಡಿದವರಿಗೆ ಇಲ್ಲಿನ ಲಿಪಿಯ ಕಥೆ ಒಂದೇ ಎಳೆಯದಲ್ಲ ಎಂದು ಹೇಳಬೇಕಾಗಿಲ್ಲ.

ಈ ತಾಲ್ಲೂಕುಗಳ ಶಾಸನಗಳನ್ನು ಮೊದಲು ಒಟ್ಟುಗೂಡಿಸಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. 1905ರಲ್ಲಿ ಬಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ಆಗಿನ ಬೆಂಗಳೂರು ಜಿಲ್ಲೆಯದು. ಅದರಲ್ಲಿ ಕನಕಪುರ ಇನ್ನೂ ಕಾನಕಾನಹಳ್ಳಿ, ರಾಮನಗರ ಇನ್ನೂ ಕ್ಲೋಸ್‌ಪೇಟೆ. ಚನ್ನಪಟ್ಟಣ, ಮಾಗಡಿ ಮಾತ್ರ ಹಳೆಯ ಹೆಸರಿನಲ್ಲೇ ಇವೆ. ಇಂದಿಗೂ ನಮ್ಮಂಥವರು ಒಂದು ಹಳ್ಳಿಗೆ ಹೋಗುವ ಮೊದಲು ತೆರೆಯುವುದು ಅದೇ ಸಂಪುಟವನ್ನು.

ರೈಸ್ ಅವರ ಕಾಲದಲ್ಲಿ ಕಲ್ಲಿನಿಂದ ಕಾಗದಕ್ಕೆ ಅಕ್ಷರ ತರುತ್ತಿದ್ದ ಕ್ರಮವನ್ನು ಇಂದಿಗೂ ಅನುಸರಿಸುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಕೊರೆದ ಗೆರೆಗಳ ಒಳಗೆ ಇಳಿಸಬೇಕು. ಮೇಲೆ ಮಸಿಯ ಗುಬುಟು ಒತ್ತಿದರೆ ಹಿನ್ನೆಲೆ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಇದು ಪಡಿಯಚ್ಚು. ಕಲ್ಲಿನ ಬಿರುಕು, ಚಕ್ಕೆ, ಉಳಿ ಜಾರಿದ ಗುರುತು ಎಲ್ಲವೂ ಅದರಲ್ಲಿ ಬರುತ್ತವೆ. ಅಕ್ಷರ ಯಾವುದು, ಬಿರುಕು ಯಾವುದು ಎಂದು ತೀರ್ಮಾನಿಸುವುದು ಓದುವವರ ಕೆಲಸ.

ಆಮೇಲೆ ಓದಿದ್ದನ್ನು ಅಚ್ಚುಮೊಳೆಗಳಲ್ಲಿ ಜೋಡಿಸಬೇಕು. ಅಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಎಂಟನೆಯ ಶತಮಾನದ ಕಲ್ಲೂ, ಹದಿಮೂರನೆಯ ಶತಮಾನದ ಕಲ್ಲೂ, ಹದಿನೇಳನೆಯದೂ ಪುಸ್ತಕದಲ್ಲಿ ಒಂದೇ ಮುಖದವಾಗುತ್ತವೆ. ಒಂಬತ್ತನೆಯ ಸಂಪುಟವನ್ನು ಓದುತ್ತಾ ಹೋದರೆ ಗಂಗರೂ ಮಾಗಡಿ ಕೆಂಪೇಗೌಡರೂ ಒಂದೇ ಸರ್ಕಾರಿ ಮುದ್ರಣಾಲಯದ ಅಕ್ಷರದಲ್ಲಿ ಮಾತಾಡುತ್ತಾರೆ. ಓದಲು ಇದು ಅನುಕೂಲ. ಲಿಪಿ ಕಲಿಯಬೇಕಾದವರಿಗೆ ಮಾತ್ರ ಏನೂ ಸಿಗುವುದಿಲ್ಲ. ಪುಸ್ತಕದಲ್ಲಿ 'ಕ' ಎಂದಿರುವುದು ಕಲ್ಲಿನ ಮೇಲೆ ಗುರುತೇ ಸಿಗದಂತೆ ನಿಂತಿರುತ್ತದೆ. ಬ್ರಾಹ್ಮಿಯಲ್ಲಿ ಕ ಬರೀ ಕೂಡುವ ಚಿಹ್ನೆಯಂತಿತ್ತು. ರ ಒಂದು ನೆಟ್ಟನೆಯ ಗೆರೆ. ಆ ಗೆರೆಯ ಬುಡ ಬಾಗಿ, ಮೇಲೆದ್ದು, ಕೊನೆಗೆ ಸುತ್ತು ಮುಚ್ಚಿ ಇಂದಿನ ರ ಆಗಲು ಹಲವು ನೂರು ವರ್ಷ ಹಿಡಿಯಿತು. ತಲೆಕಟ್ಟಿಗೂ ಅದರದೇ ಬೆಳವಣಿಗೆ ಇದೆ. ನಡುವಿನ ಈ ಮೆಟ್ಟಿಲುಗಳನ್ನು ಪುಸ್ತಕದ ಕನ್ನಡ ತೋರಿಸಲಾರದು.

ಅದಕ್ಕೇ ನನಗೆ ಫಾಂಟ್ ಮಾಡುವ ಆಸೆ ಹುಟ್ಟಿದ್ದು. ಹಳಗನ್ನಡದ ಪಠ್ಯವನ್ನು ಟೈಪ್ ಮಾಡಿ, ಒಂದು ಗುಂಡಿ ಒತ್ತಿದರೆ ಅದು ಗಂಗರ ಕಾಲದ ಅಕ್ಷರದಲ್ಲಿ ಕಾಣಬೇಕು. ವಿದ್ಯಾರ್ಥಿಗಳು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬೇಕು. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶ ಸಿಕ್ಕಿತು. ಚನ್ನಪಟ್ಟಣದ ಹತ್ತಿರದ ಒಂದು ಕಲ್ಲಿನ ಫೋಟೊಗಳಿಂದ ಒಂದೊಂದೇ ಅಕ್ಷರದ ಅಂಚು ಎಳೆಯುತ್ತಾ ಹೋದೆ. ಹನ್ನೊಂದು ಸಾಲಿನ ಕಲ್ಲು. ಒಂದು ವಾರ ಕಳೆಯುವಷ್ಟರಲ್ಲಿ ಎರಡು ತೊಂದರೆ ಎದುರಾದವು.

ಮೊದಲನೆಯದು, ಕಲ್ಲಿನಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪ. ಕೊರೆದವನು ಸಾಲಿನ ಮೊದಲಲ್ಲಿ ಧಾರಾಳವಾಗಿ ಬರೆದು ಕೊನೆಗೆ ಬರುವಾಗ ಜಾಗ ಸಾಲದೆ ಇರುಕಿಸಿದ್ದಾನೆ. 'ನ' ಹದಿನೇಳು ಕಡೆ ಇದೆ, ಹದಿನೇಳೂ ಬೇರೆ. ಫಾಂಟಿಗೆ ಒಂದೇ 'ನ' ಸಾಕು. ನಾನು ಚೆಂದ ಕಂಡದ್ದನ್ನು ಆರಿಸಿಕೊಂಡೆ.

ಎರಡನೆಯದು, ಬೇಕಾದ ಅಕ್ಷರಗಳೆಲ್ಲ ಒಂದು ಕಲ್ಲಿನಲ್ಲಿ ಇರುವುದಿಲ್ಲ. ಘ, ಛ, ಝ, ಢ, ಫ ಹುಡುಕಿದರೂ ಇಲ್ಲ. ವೀರನೊಬ್ಬ ತುರು ಬಿಡಿಸಿ ಸತ್ತದ್ದನ್ನು ಹೇಳಲು ಝ ಯಾಕೆ ಬೇಕು? ೞ ಕೂಡ ಇರಲಿಲ್ಲ. ಖಾಲಿ ಮನೆಗಳಿರುವ ಫಾಂಟ್ ನೋಡಲು ಬೋಳಾಗಿ ಕಂಡಿತು. ಕೆಲವನ್ನು ಬೇರೆ ಕಲ್ಲುಗಳಿಂದ ತಂದೆ, ಕೆಲವನ್ನು ಇರುವ ಅಕ್ಷರಗಳ ಧಾಟಿ ಹಿಡಿದು ನಾನೇ ಬರೆದೆ. ೞ ಅನ್ನು ಇನ್ನೊಂದು ಕಲ್ಲಿನ ಮಸುಕಾದ ಫೋಟೊದಿಂದ ಎತ್ತಿಕೊಂಡೆ. ಅದು ೞ ಅಲ್ಲ, ಅಂಚು ಚಕ್ಕೆ ಎದ್ದ ಳ ಎಂದು ತಿಳಿದದ್ದು ಆ ಹುಡುಗಿಯ ಫೋಟೊ ಬಂದಮೇಲೆ, ಹಳೆಯ ಕಲ್ಲಿಗೆ ಮತ್ತೆ ಹೋಗಿ ನೋಡಿದಾಗ.

*

ಅಕ್ಷರಗಳನ್ನು ಮನೆ ಮಾಡಿ ಕೂರಿಸುವ ಅಭ್ಯಾಸ ಹೊಸದಲ್ಲ. ದಕ್ಷಿಣ ಭಾರತದ ಲಿಪಿಗಳ ಬೆಳವಣಿಗೆಯನ್ನು ಚಿತ್ರಪಟಗಳ ಮೂಲಕ ತೋರಿಸಿದ ಎ.ಸಿ. ಬರ್ನೆಲ್ ಅವರ ಪುಸ್ತಕ ಹೊರಬಂದದ್ದು 1874ರಲ್ಲಿ, ಅದೂ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ. 1896ರಲ್ಲಿ ಜರ್ಮನ್ ವಿದ್ವಾಂಸ ಗೇಯೋರ್ಗ್ ಬ್ಯೂಲರ್ ಇಡೀ ಭಾರತದ ಲಿಪಿಗಳಿಗೆ ಇಂಥ ಪಟಗಳನ್ನು ಮಾಡಿದರು. ಅಡ್ಡ ಸಾಲಿನಲ್ಲಿ ಅಕ್ಷರ, ಉದ್ದ ಸಾಲಿನಲ್ಲಿ ಶಾಸನ. ಆ ಶಾಸನದಲ್ಲಿ ಆ ಅಕ್ಷರ ಸಿಗದಿದ್ದರೆ ಮನೆ ಖಾಲಿ. ಲಿಪಿಶಾಸ್ತ್ರದ ಪಟದಲ್ಲಿ ಖಾಲಿ ಮನೆಗೂ ಬೆಲೆಯಿದೆ. ಇಲ್ಲಿ ಸಾಕ್ಷಿ ಸಿಕ್ಕಿಲ್ಲ ಎಂದು ಅದು ಹೇಳುತ್ತದೆ. ನಾನು ಚೆಂದಕ್ಕಾಗಿ ಆ ಮಾತನ್ನೇ ಅಳಿಸಿಹಾಕಿದ್ದೆ.

ಬಾಸೆಲ್ ಮಿಷನ್ನಿನವರಿಗೆ ಅಕ್ಷರದ ಮುಖ ಬದಲಾಗುವುದರ ಅರ್ಥ ಚೆನ್ನಾಗಿ ಗೊತ್ತಿದ್ದಿರಬೇಕು. ಹರ್ಮನ್ ಮೋಗ್ಲಿಂಗ್, ಫರ್ಡಿನಂಡ್ ಕಿಟ್ಟೆಲ್ ಬೆಳೆದ ನಾಡಿನಲ್ಲಿ ಆಗ ಪುಸ್ತಕಗಳು ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಫ್ರಾಕ್ಟೂರ್ ಎಂಬ ಮುರಿಮುರಿದ ಕೋನಗಳ ಅಕ್ಷರದಲ್ಲಿ. ಕೈಬರಹಕ್ಕೆ ಕುರೆಂಟ್ ಎಂಬ ಇನ್ನೊಂದು ಬಗೆ. ಅಂಥ ನಾಡಿನಿಂದ ಬಂದವರು ಇಲ್ಲಿ 1843ರಲ್ಲಿ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕಲ್ಲಚ್ಚಿನಲ್ಲಿ ಅಕ್ಷರ ಕೈಬರಹವೇ. ಬರೆದವನ ಕೈ ಕಾಣುತ್ತದೆ. ಆಮೇಲೆ ಬಂದ ಅಚ್ಚುಮೊಳೆ ಕೈಯನ್ನು ಮರೆಸಿತು. 1872ರಲ್ಲಿ ಕಿಟ್ಟೆಲ್ ಕೇಶಿರಾಜನ ಶಬ್ದಮಣಿದರ್ಪಣವನ್ನು ಪ್ರಕಟಿಸಿದರು. ಹದಿಮೂರನೆಯ ಶತಮಾನದ ಆ ವ್ಯಾಕರಣದಲ್ಲಿ ಕೇಶಿರಾಜ ೞ ಇರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಪಟ್ಟಿ ಕೊಡಬೇಕಾಗಿ ಬಂತು ಎಂದರೆ ಜನ ಆಗಲೇ ಆ ವ್ಯತ್ಯಾಸವನ್ನು ಮರೆಯತೊಡಗಿದ್ದರು ಎಂದರ್ಥ. ಬಾಯಿಂದ ಹೋಗಿ ಹಲವು ನೂರು ವರ್ಷವಾದ ಅಕ್ಷರವೊಂದಕ್ಕೆ ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಸೀಸದ ಮೊಳೆ ಬೇಕಾಯಿತು. ಇಂದು ನಾವು ೞ ಎಂದು ಗುರುತಿಸುವುದು ಈ ಅಚ್ಚಿನ ರೂಪವನ್ನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗಂಗರ ಕಲ್ಲಿನ ಮುಂದೆ ನಿಂತರೆ ಮೋಸ ಹೋಗುವುದು ಸುಲಭ.

ಜರ್ಮನರ ಕಥೆ ಮುಂದೆ ಬೇರೆ ತಿರುವು ಪಡೆಯಿತು. 1941ರ ಜನವರಿಯಲ್ಲಿ ನಾಜಿ ಸರ್ಕಾರ ಒಂದು ಸುತ್ತೋಲೆಯಿಂದ ಫ್ರಾಕ್ಟೂರನ್ನು ಕೈಬಿಟ್ಟಿತು. ಶಾಲೆಗಳಲ್ಲಿ ಹಳೆಯ ಕೈಬರಹವೂ ನಿಂತಿತು. ಹೀಗಾಗಿ ಅಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿ ಬರೆದ ಕಾಗದವನ್ನು ಮೊಮ್ಮಗಳು ಓದಲಾರಳು. ಭಾಷೆ ಅದೇ, ಅಕ್ಷರ ಮಾತ್ರ ಅಪರಿಚಿತ. ಈಗ ಆ ಬರಹಗಳನ್ನು ಫಾಂಟುಗಳಾಗಿ ಮತ್ತೆ ಕಟ್ಟಿ, ಅವುಗಳಿಂದ ಓದುವುದನ್ನು ಕಲಿಸುತ್ತಾರೆ. ಫ್ರಾಕ್ಟೂರಿನಲ್ಲಿ ಉದ್ದ ಎಸ್ ಮತ್ತು ಎಫ್ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ನಡುವಿನ ಅಡ್ಡಗೀರು ಎಷ್ಟು ದೂರ ಹೋಗಿದೆ ಎನ್ನುವುದಷ್ಟೇ ವ್ಯತ್ಯಾಸ. ಫಾಂಟ್ ಮಾಡುವವನು ಅಲ್ಲಿ ಕೈತಪ್ಪಿದರೆ ಕಲಿಯುವವನು ಜೀವಮಾನವಿಡೀ ತಪ್ಪು ಓದುತ್ತಾನೆ. ನಮ್ಮ ಳ ಮತ್ತು ೞ ಕಥೆಯೂ ಇದೇ.

ಆದರೆ ಒಂದು ದೊಡ್ಡ ಅಂತರವಿದೆ. ಫ್ರಾಕ್ಟೂರಿನಲ್ಲಿ ಅಚ್ಚಾದ ಪುಸ್ತಕಗಳು ರಾಶಿ ರಾಶಿ ಇವೆ. ಒಂದೊಂದು ಅಕ್ಷರವೂ ಸಾವಿರ ಸಲ ಸಿಗುತ್ತದೆ. ನನ್ನ ಹತ್ತಿರ ಇದ್ದದ್ದು ಹನ್ನೊಂದು ಸಾಲು.

*

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಗಂಗರ ಕಾಲದ ಲಿಪಿ ಇಂದಿನ ಕನ್ನಡಕ್ಕಿಂತ ಇಷ್ಟು ಬೇರೆ ಇದ್ದರೆ ಅದನ್ನು ಬೇರೆ ಲಿಪಿ ಎಂದು ಯಾಕೆ ಕರೆಯಬಾರದು? ಕಂಪ್ಯೂಟರಿನ ಲೋಕದಲ್ಲಿ ಇದನ್ನು ತೀರ್ಮಾನಿಸುವುದು ಯೂನಿಕೋಡ್. ಜಗತ್ತಿನ ಪ್ರತಿ ಅಕ್ಷರಕ್ಕೂ ಅದು ಒಂದು ಸಂಖ್ಯೆ, ಒಂದು ಹೆಸರು ಕೊಡುತ್ತದೆ. ಹಳೆಯ ಜರ್ಮಾನಿಕ್ ಜನರ ರೂನ್ ಅಕ್ಷರಗಳಿಗೆ 1999ರಲ್ಲಿ, ಗಾಥಿಕ್ ಲಿಪಿಗೆ 2001ರಲ್ಲಿ ಬೇರೆ ಜಾಗ ಸಿಕ್ಕಿತು. ಫ್ರಾಕ್ಟೂರಿಗೆ ಹಾಗೆ ಸಿಗಲಿಲ್ಲ. ಗಣಿತದ ಚಿಹ್ನೆಗಳ ಮಾತು ಬಿಟ್ಟರೆ ಅದು ರೋಮನ್ ಅಕ್ಷರಗಳದೇ ಇನ್ನೊಂದು ವೇಷ, ಅದಕ್ಕೆ ಫಾಂಟ್ ಸಾಕು. ನಮ್ಮಲ್ಲಿ ತುಳು-ತಿಗಳಾರಿಗೆ 2024ರಲ್ಲಿ ಸ್ವಂತ ಜಾಗ ಸಿಕ್ಕಿತು. ಕದಂಬ, ಗಂಗ, ಚಾಲುಕ್ಯ, ಹೊಯ್ಸಳರ ಕಾಲದ ಕನ್ನಡ ಬರಹಗಳನ್ನು ಟೈಪ್ ಮಾಡುವಾಗ ನಾವು ಬಳಸುವುದು ಇಂದಿನ ಕನ್ನಡದ ಸಂಖ್ಯೆಗಳನ್ನೇ.

ನನಗೆ ಇದು ಸರಿಯಾಗಿಯೇ ಕಾಣುತ್ತದೆ. ಕೆರೆ ಏರಿಯ ಕಲ್ಲಿನ 'ಕ'ಕ್ಕೂ ನಾನು ಈಗ ಟೈಪ್ ಮಾಡುತ್ತಿರುವ 'ಕ'ಕ್ಕೂ ಒಂದೇ ಸಂಖ್ಯೆ ಎಂದರೆ, ಸಾವಿರ ವರ್ಷದ ಹಿಂದಿನ ಸಾಲನ್ನು ಇಂದಿನ ಕೀಲಿಮಣೆಯಿಂದ ಹುಡುಕಬಹುದು. ಆದರೆ ಇದರಿಂದ ಫಾಂಟಿನ ಹೊಣೆ ಹೆಚ್ಚುತ್ತದೆ. ಕಾಲ, ಜಾಗ, ಕೈ ಇವುಗಳ ಸುದ್ದಿಯನ್ನು ಸಂಖ್ಯೆ ಹೇಳುವುದಿಲ್ಲ. ಅದೆಲ್ಲ ಅಕ್ಷರದ ಆಕಾರದಲ್ಲೇ ಇರಬೇಕು. ಆಕಾರ ಸುಳ್ಳಾದರೆ ಅದನ್ನು ಹಿಡಿದುಹಾಕಲು ಬೇರೆ ಏನೂ ಇಲ್ಲ.

ತಪ್ಪು ಒಮ್ಮೆ ಒಳಗೆ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ೞ ಅಕ್ಷರವೇ ಸಾಕ್ಷಿ. ಯೂನಿಕೋಡಿನಲ್ಲಿ ಅದಕ್ಕೆ ಕೊಟ್ಟ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್ಎ', ಅಂದರೆ 'ಫ' ಅಕ್ಷರ! ಇಂಗ್ಲಿಷಿನ ಎಫ್ ಧ್ವನಿಗೂ ಈ ಅಕ್ಷರಕ್ಕೂ ಸಂಬಂಧವೇ ಇಲ್ಲ. ಆರಂಭದಲ್ಲಿ ಆದ ತಪ್ಪು ಹಾಗೇ ಉಳಿದುಬಿಟ್ಟಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದು ಎಂಬುದು ಯೂನಿಕೋಡಿನ ನಿಯಮ, ಯಾಕೆಂದರೆ ಆ ಹೆಸರನ್ನು ನಂಬಿ ಎಷ್ಟೋ ತಂತ್ರಾಂಶಗಳು ನಡೆಯುತ್ತಿರುತ್ತವೆ. ಹಾಗಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸಮಾಧಾನ ಮಾಡಿಕೊಂಡಿದ್ದಾರೆ. ನಮ್ಮ ಊರುಗಳ ಹೆಸರು ಎಷ್ಟು ಸಲ ಬದಲಾದವು! ಕಾನಕಾನಹಳ್ಳಿ ಕನಕಪುರವಾಯಿತು. ಕ್ಲೋಸ್‌ಪೇಟೆ ರಾಮನಗರವಾಗಿ, 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಿತು. ಒಂದು ಅಕ್ಷರದ ತಪ್ಪು ಹೆಸರನ್ನು ಮಾತ್ರ ಯಾರೂ ತೆಗೆಯಲಾರರು.

ಈ ಅಕ್ಷರ ಅಷ್ಟು ಮುಖ್ಯವೇ ಎಂದು ಕೇಳುವವರಿಗೆ ನಾನು ಆತಕೂರಿನ ಕಲ್ಲನ್ನು ತೋರಿಸುತ್ತೇನೆ. ಚನ್ನಪಟ್ಟಣದಿಂದ ಮದ್ದೂರು ದಾಟಿದರೆ ಸಿಗುವ ಆತಕೂರಿನದು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 949–50. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಕಲ್ಲು ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ದತ್ತಿ ಕೊಟ್ಟ ಸಂಗತಿ ಬರುತ್ತದೆ. ಹಾಗೆ ಕೊಡುವ ದತ್ತಿಗೆ ಇದ್ದ ಹೆಸರು 'ಬಾಳ್ಗೞ್ಚು'. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಯುದ್ಧ ಮಾಡಿ ಬಂದವನ ಕತ್ತಿ ತೊಳೆದು ಕೊಡುವ ಭೂಮಿ. ಒಂದೇ ಪದದಲ್ಲಿ ಳ ಮೊದಲು, ೞ ಆಮೇಲೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿದವನಿಗೆ ಮಾತ್ರ ಕತ್ತಿ ಕಾಣುತ್ತದೆ, ನೀರು ಕಾಣುತ್ತದೆ. ಎರಡನ್ನೂ ಒಂದೇ ಮಾಡಿದರೆ ಬಾಳು, ಕಳಚು ಎಂದು ಇನ್ನೇನೋ ಅರ್ಥದ ಕಡೆ ಮನಸ್ಸು ಓಡುತ್ತದೆ. ಮುಂದೆ ಕನ್ನಡದಲ್ಲಿ ಕೞ್ಚು ಎನ್ನುವುದು ಕರ್ಚು, ಕಚ್ಚು ಆಗಿ ಸವೆಯಿತು.

*

ಹುಡುಗಿಗೆ ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಮುಂದಿನ ಭಾನುವಾರ ಅವಳ ಅಜ್ಜಿಯ ಊರಿಗೇ ಹೋದೆ. ಸಂಜೆ ಐದರ ನಂತರ ಸೂರ್ಯ ಇಳಿದಾಗ ಬೆಳಕು ಕಲ್ಲಿನ ಮೇಲೆ ಅಡ್ಡ ಬೀಳುತ್ತದೆ. ಆಗ ಕೊರೆದ ಗೆರೆ ನೆರಳು ಹಿಡಿದು ಎದ್ದು ಕಾಣುತ್ತದೆ. ಮಧ್ಯಾಹ್ನ ತೆಗೆದ ಫೋಟೊದಲ್ಲಿ ಅದು ಸಿಗುವುದಿಲ್ಲ. ಕಲ್ಲಿಗೆ ಅರಿಸಿನ, ಕುಂಕುಮ, ಎಣ್ಣೆ. ಯಾರೋ ಹಿಂದೆ ಓದಲು ಬಂದವರು ಅಕ್ಷರಗಳ ಒಳಗೆ ಸೀಮೆಸುಣ್ಣ ತುಂಬಿದ ಗುರುತೂ ಇತ್ತು. ಸೀಮೆಸುಣ್ಣ ತುಂಬುವುದೂ ಒಂದು ಥರದ ಫಾಂಟೇ. ಅವರಿಗೆ ಹೇಗೆ ಕಂಡಿತೋ ಹಾಗೆ ಬಿಳಿ ಗ್ಯಾರಂಟಿ ಕೊಟ್ಟು ಹೋಗಿರುತ್ತಾರೆ, ಮುಂದೆ ಬಂದವರು ಅದನ್ನೇ ಓದುತ್ತಾರೆ.

ಮೂರನೆಯ ಸಾಲು ಇಬ್ಬರೂ ಕೂತು ನೋಡಿದೆವು. ಅವಳೇ ಮೊದಲು ಹೇಳಿದಳು, "ಐದನೇ ಸಾಲಲ್ಲೂ ಇದೇ ಥರ ಅಕ್ಷರ ಇದೆ ಅಕ್ಕ. ಅಲ್ಲಿ 'ಒಳ್' ಅಂತಲೇ ಬರ್ಬೇಕು. ಅಂದ್ರೆ ಇದೂ ಮಾಮೂಲಿ ಳ." ನಾನು ಹೇಳಬೇಕಾದ್ದನ್ನು ಕಲ್ಲೇ ಅವಳಿಗೆ ಹೇಳಿತ್ತು. ಆಮೇಲೆ ನಾನು ನನ್ನ ಚಾರ್ಟಿನ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಪ್ರಿಂಟ್ ಮಾಡಿ ಕೊಟ್ಟಿದ್ರಲ್ಲಾ, ಅದಕ್ಕೇ ನಂಬಿದೆ" ಎಂದಳು.

ಹಿಂದೆ ನಿಂತು ಕೇಳುತ್ತಿದ್ದ ಹಿರಿಯರೊಬ್ಬರು, "ಹಂಗಾರೆ ನೀರಿಗ್ ಬಿದ್ದು ಸತ್ತೋನಲ್ವೇನವ್ವಾ? ಮೊನ್ನೆ ಈ ಮಗ ಹೇಳ್ದಾಗಿಂದ ನಾವು ಮಕ್ಕಳಿಗೆಲ್ಲ ಅದೇ ಹೇಳ್ತಾ ಇದ್ವಲ್ಲ" ಎಂದರು. ಅಲ್ಲ ತಾತ, ಹೋರಾಡಿ ಸತ್ತವನು ಎಂದೆ. ಅವರು ಕಲ್ಲಿನ ಕಡೆ ನೋಡಿ, "ಎರಡೂ ಇರ್ಬೋದು ಬುಡವ್ವ" ಎಂದು ಎದ್ದು ಹೋದರು. ನಗು ಬಂತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ನಾನು ಫಾಂಟನ್ನು ತಿದ್ದಬಹುದು. ಆ ಊರಿನ ಮಕ್ಕಳ ತಲೆಯಲ್ಲಿ ಕೂತ ಕಥೆಯನ್ನು ತಿದ್ದಲು ನನ್ನಿಂದ ಆಗದು.

ಶಾಸನ ಓದುವವರು ಇಂಥ ಅಪಾಯಕ್ಕೆ ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದಾರೆ. ಸಂಶಯವಿದ್ದ ಅಕ್ಷರವನ್ನು ಕಂಸದಲ್ಲಿ ಹಾಕುತ್ತಾರೆ, ಹೋದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಇಡುತ್ತಾರೆ. ಪಡಿಯಚ್ಚಿನಲ್ಲಿ ಬಿರುಕು ಬಿರುಕಾಗಿಯೇ ಇರುತ್ತದೆ. ಫೋಟೊದಲ್ಲಿ ಮಸುಕು ಮಸುಕಾಗಿಯೇ ಇರುತ್ತದೆ. ಫಾಂಟಿನಲ್ಲಿ ಮಾತ್ರ ಸಂಶಯಕ್ಕೆ ಜಾಗವಿಲ್ಲ. ಅಂಚು ನುಣುಪಾಗಿ, ಕಪ್ಪಗೆ, ಎಷ್ಟು ದೊಡ್ಡದು ಮಾಡಿದರೂ ಒಡೆಯದೆ ನಿಲ್ಲುತ್ತದೆ. ಕಲ್ಲಿನಿಂದ ಬಂದ ಅಕ್ಷರವೂ ನಾನು ಊಹಿಸಿ ಬರೆದ ಅಕ್ಷರವೂ ಒಂದೇ ಗತ್ತಿನಲ್ಲಿ ಪಕ್ಕಪಕ್ಕ ಕೂರುತ್ತವೆ. ನೋಡುವವರಿಗೆ ಯಾವುದು ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ.

ಇದಕ್ಕೆ ಬೇರೆ ದಾರಿ ಇದೆ ಎನ್ನುವುದನ್ನು ಬೆಂಗಳೂರಿನಲ್ಲೇ ನೋಡಬಹುದು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯಲ್ಲಿ ಪಿ.ಎಲ್. ಉದಯಕುಮಾರ್ ಅವರ ನೇತೃತ್ವದ ತಂಡ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. 2018ರಲ್ಲಿ ಬೆಳಕಿಗೆ ಬಂದ, ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲು ಈ ಆಸಕ್ತಿಗೆ ಜನರನ್ನು ಎಳೆದ ಕಲ್ಲುಗಳಲ್ಲಿ ಒಂದು. ಹೆಬ್ಬಾಳ ಅಲ್ಲಿ 'ಪೆರ್ಬೊೞಲ್', ದೊಡ್ಡ ಪಟ್ಟಣ. ನಮ್ಮ ೞ ಅಲ್ಲಿಯೂ ಇದೆ. ಸ್ಕ್ಯಾನ್ ಮಾಡಿದ ಕಲ್ಲಿಗೆ ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬೀಳಿಸಿ ನೋಡಬಹುದು. ಸಂಜೆ ಐದಕ್ಕೆ ಕಾಯಬೇಕಾಗಿಲ್ಲ. ಅದೇ ಸ್ಕ್ಯಾನುಗಳಿಂದ ಬಿಡಿ ಅಕ್ಷರಗಳನ್ನು ತೆಗೆದು 'ಅಕ್ಷರ ಭಂಡಾರ' ಎಂಬ ತಂತ್ರಾಂಶ ಮಾಡಿದ್ದಾರೆ. ನನಗೆ ಅದರಲ್ಲಿ ಹಿಡಿಸಿದ್ದು, ಅಲ್ಲಿರುವುದು ಯಾರೋ ನುಣುಪು ಮಾಡಿದ ಅಕ್ಷರವಲ್ಲ, ಕಲ್ಲಿನ ಅಕ್ಷರದ ಬಿಂಬ. ಕಲ್ಲಿನ ಒರಟುತನ ಅದರಲ್ಲಿ ಉಳಿದಿದೆ.

ಹಾಗಂತ ಫಾಂಟ್ ಬೇಡ ಎಂದು ನಾನು ಹೇಳುವುದಿಲ್ಲ. ಬಿಂಬಗಳ ಭಂಡಾರದಿಂದ ಒಂದೊಂದು ಅಕ್ಷರ ಗುರುತಿಸಬಹುದು, ಒಂದು ಇಡೀ ಸಾಲನ್ನು ಬರೆದು ಅಭ್ಯಾಸ ಮಾಡಲು ಫಾಂಟೇ ಬೇಕು. ಕನ್ನಡದ ಒತ್ತು, ಕಾಗುಣಿತ ಹಳೆಯ ರೂಪದಲ್ಲಿ ಹೇಗೆ ಕೂಡುತ್ತಿದ್ದವು, ಧರ್ಮ್ಮ, ಕೀರ್ತ್ತಿ ಎಂದು ರೇಫದ ಮುಂದೆ ಯಾಕೆ ಇಮ್ಮಡಿಸುತ್ತಿದ್ದರು, ಇದೆಲ್ಲ ಬರೆದು ನೋಡಿದಾಗಲೇ ಕೈಗೆ ಹತ್ತುವುದು. ಹಳ್ಳಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಊರಿನ ಕಲ್ಲನ್ನು ತಾನೇ ಓದಲು ಹೊರಟಿದ್ದು ಆ ಚಾರ್ಟಿನಿಂದಲೇ. ಪುಸ್ತಕದ ಕನ್ನಡ ಮಾತ್ರ ಇದ್ದಿದ್ದರೆ ಅವಳು ಹೊರಡುತ್ತಲೇ ಇರಲಿಲ್ಲ.

ಹಾಗಾಗಿ ಫಾಂಟನ್ನು ಮತ್ತೆ ಮಾಡಲು ಕೂತೆ. 'ಗಂಗರ ಕಾಲದ ಹಳಗನ್ನಡ' ಎಂಬ ಹೆಸರು ತೆಗೆದುಹಾಕಿದೆ. ಒಂದು ರಾಜವಂಶದ ಕೆಲವು ನೂರು ವರ್ಷಗಳಿಗೆ ಒಂದೇ ಅಕ್ಷರ ಇರುವುದಿಲ್ಲ. ಈಗ ಅದಕ್ಕೆ ಕಲ್ಲಿರುವ ಊರಿನ ಹೆಸರು, ಎಪಿಗ್ರಾಫಿಯಾದ ಸಂಖ್ಯೆ ಅಷ್ಟೇ. 'ನ' ಅಕ್ಷರಕ್ಕೆ ಒಂದರ ಬದಲು ಐದು ರೂಪ ಇಟ್ಟಿದ್ದೇನೆ. ಟೈಪ್ ಮಾಡುತ್ತಾ ಹೋದರೆ ಅವು ಸರದಿಯಂತೆ ಬರುತ್ತವೆ. ಹೀಗಾಗಿ ಇದೇ ಸರಿಯಾದ 'ನ' ಎಂದು ಯಾರೂ ಅಂದುಕೊಳ್ಳಲಾರರು. ಬೇರೆ ಕಲ್ಲಿನಿಂದ ತಂದ ಅಕ್ಷರಗಳು ಗೆರೆಯಷ್ಟೇ ಇರುವ ಟೊಳ್ಳು ರೂಪದಲ್ಲಿವೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ನಾನು ಊಹಿಸಿ ಬರೆದದ್ದನ್ನೆಲ್ಲ ಅಳಿಸಿದೆ. ಅಲ್ಲಿ ಈಗ ಖಾಲಿ ಚೌಕ ಬರುತ್ತದೆ. ಪರೀಕ್ಷೆಗೆಂದು ಮೊದಲು 'ಬಾಳ್ಗೞ್ಚು' ಎಂದು ಟೈಪ್ ಮಾಡಿದೆ. ನಡುವೆ ಒಂದು ಚೌಕ ಬಾಯಿ ತೆರೆದು ಕೂತಿತು. ಹಳೆಯ ಚಾರ್ಟ್ ತೆಗೆದುಕೊಂಡಿದ್ದವರಲ್ಲಿ ನೆನಪಿದ್ದವರಿಗೆಲ್ಲ ಹೊಸದನ್ನು ಕಳಿಸಿ, ಹಳೆಯದನ್ನು ಹರಿದುಹಾಕಿ ಎಂದು ಬರೆದೆ. ಎಷ್ಟು ಜನ ಹರಿದರೋ.

ಕಳೆದ ತಿಂಗಳು ಅದೇ ಹುಡುಗಿ ಇನ್ನೊಂದು ಫೋಟೊ ಕಳಿಸಿದ್ದಾಳೆ. ಈ ಸಲ ಮಾಗಡಿ ಕಡೆಯ ಕಲ್ಲು. ಸಂಜೆ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲು ಇಟ್ಟು, ಎರಡು ದಿಕ್ಕಿನಿಂದ ತೆಗೆದ ನಾಲ್ಕು ಫೋಟೊ. ಒಂದು ಅಕ್ಷರಕ್ಕೆ ಸುತ್ತು ಹಾಕಿದ್ದಾಳೆ. ಅದೇ ಕಲ್ಲಿನಲ್ಲಿ ಳ ಇರುವ ಮೂರು ಜಾಗಕ್ಕೂ ಬೇರೆ ಬಣ್ಣದ ಸುತ್ತು ಹಾಕಿ, "ಇವು ಮೂರಕ್ಕೂ ಇದಕ್ಕೂ ಹೊಂದಲ್ಲ ಅಕ್ಕ. ಆದ್ರೆ ಈಗ್ಲೇ ಏನೂ ಹೇಳಲ್ಲ" ಎಂದು ಬರೆದಿದ್ದಾಳೆ. ನನಗೂ ಅದು ೞ ಎಂದೇ ಕಾಣುತ್ತದೆ. ಮುಂದಿನ ವಾರ ಇಬ್ಬರೂ ಹೋಗುತ್ತಿದ್ದೇವೆ. ಅಲ್ಲಿಯವರೆಗೆ ಆ ಮನೆ ಖಾಲಿ ಇರಲಿ ಎಂದು ಅವಳಿಗೆ ಉತ್ತರ ಬರೆದಿದ್ದೇನೆ.